ಬರ್ಲಿನ್ನಿಗೆ ದೂರವೆಷ್ಟು?

ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕೂ ಆ ದೇಶದ ರಾಜಧಾನಿಯಾದ ಬರ್ಲಿನ್ನಿಗೂ ನಡುವಣ ದೂರವು ನೆಟ್ಟಗೆ ಅಳೆದರೆ ಸುಮಾರು 265 ಮೈಲಿ, ಅಂದರೆ 425 ಕಿಲೋಮೀಟರು. ವಿಮಾನದ ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ ಒಂದು ಗಂಟೆ ಹತ್ತು ನಿಮಿಷವೆಂದು ಬರೆದಿರುತ್ತದೆ. ಅದರಲ್ಲಿಯೂ ನೆಲದ ಮೇಲೆ ಉರುಳುವ ಹೊತ್ತನ್ನು ಕಳೆದರೆ ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಇಂತಹ ಲೆಕ್ಕಗಳನ್ನು ಕಂಡು, ವಿಮಾನವು ದೂರವೆಂಬುದನ್ನೇ ಅಳಿಸಿಹಾಕಿತು, ಇನ್ನು ಲೋಕವೆಲ್ಲ ಒಂದೇ ಊರು ಎಂದು ಹೇಳುವುದು ನಮ್ಮ ವಿದ್ಯಾವಂತರಲ್ಲಿ ವಾಡಿಕೆಯಾಗಿದೆ. ನಮಗೆ ಈ ಮಾತು ಒಪ್ಪಿಗೆಯಿಲ್ಲ. ಇವೇ ಎರಡು ಊರುಗಳ ನಡುವೆ 45 ವರ್ಷಗಳ ಕಾಲ ವಿಮಾನವು ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಎತ್ತರದಲ್ಲಿ ಹೋಗಬೇಕು, ಅದರ ಬಾಲದ ಮೇಲೆ ಯಾವ ರಾಷ್ಟ್ರದ ಗುರುತಿರಬೇಕು ಎಂಬುದನ್ನು ನಿರ್ಣಯಿಸಿದುದು ಯಂತ್ರಶಾಸ್ತ್ರವಲ್ಲ, ಪರಾಜಯ ಮತ್ತು ಕರಾರು. ಈ ಚರಿತ್ರೆಯನ್ನು ನಮ್ಮ ವಾಚಕರು, ವಿಶೇಷವಾಗಿ ರಾಜ್ಯಾಡಳಿತದಲ್ಲಿ ಕೈಯಿಟ್ಟವರು, ಒಮ್ಮೆ ಗಮನಿಸಬೇಕೆಂದು ನಮ್ಮ ಅಪೇಕ್ಷೆ.

ಬರ್ಲಿನ್ ನಗರವು ಆಕಾಶಯಾನಕ್ಕೆ ಹೊಸದಾಗಿರಲಿಲ್ಲ. 1919ನೆಯ ಫೆಬ್ರವರಿ 5ರಂದು ಅಲ್ಲಿಂದ ವೈಮಾರ್ ನಗರಕ್ಕೆ ದಿನವಹಿ ವಿಮಾನಸಂಚಾರವು ಆರಂಭವಾಯಿತು. ಹೊಸ ಗಣರಾಜ್ಯದ ರಾಷ್ಟ್ರಸಭೆಯು ಆಗ ವೈಮಾರಿನಲ್ಲಿ ಕೂಡುತ್ತಿತ್ತು. ವಿಮಾನಗಳು ಹೊತ್ತುಕೊಂಡು ಹೋದುದು ಅಂಚೆಯನ್ನು ಮತ್ತು ವೃತ್ತಪತ್ರಿಕೆಗಳನ್ನು. (ಪತ್ರಿಕೆಯವರಾದ ನಮಗೆ ಇದರಿಂದ ತುಸು ಹೆಮ್ಮೆಯುಂಟಾದರೆ ವಾಚಕರು ಕ್ಷಮಿಸಬೇಕು.) ಅದೇ ವರ್ಷ ಆದ ವರ್ಸೇಲ್ಸ್ ಕೌಲು ಸೋತ ಜರ್ಮನಿಯ ವಾಯುಬಲವನ್ನು ತೊಡೆದುಹಾಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸಿನಲ್ಲಿ ಅಂಕಿತವಾದ ಇನ್ನೊಂದು ಸಮ್ಮತಿಪತ್ರವು, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಸಂಪೂರ್ಣವಾದ ಸಾರ್ವಭೌಮಾಧಿಕಾರವುಂಟೆಂದು ಸಾರಿತು. 1944ರ ಡಿಸೆಂಬರಿನಲ್ಲಿ ಷಿಕಾಗೋ ನಗರದಲ್ಲಿ ಕೂಡಿದ ರಾಷ್ಟ್ರಗಳು ಇದೇ ತತ್ತ್ವವನ್ನು ಮತ್ತೆ ಮೊದಲನೆಯ ವಿಧಿಯಾಗಿ ಬರೆದುಕೊಂಡವು. ಆಕಾಶವು ಗಾಳಿಯಂತೆ ಎಲ್ಲರಿಗೂ ಸಮಾನವೆಂದು ಕವಿಗಳು ಹೇಳಬಹುದು. ರಾಷ್ಟ್ರಗಳ ನಡುವಣ ಧರ್ಮಶಾಸ್ತ್ರದಲ್ಲಿ ನೆಲ ಯಾರದೋ ಬಾನೂ ಅವರದೇ.

ಈ ನಿಯಮದ ಮರುಮುಖವನ್ನು ಜರ್ಮನ್ ಜನರು 1945ರಲ್ಲಿ ಕಂಡರು. ನೆಲವು ಕೈಬಿಟ್ಟೊಡನೆ ಬಾನೂ ಕೈಬಿಟ್ಟಿತು. ಅಮೇರಿಕ, ಇಂಗ್ಲೆಂಡ್, ಫ್ರಾನ್ಸ್ ಮತ್ತು ರಶಿಯಗಳು ದೇಶವನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡವು; ರಾಜಧಾನಿಯನ್ನೂ ಪ್ರತ್ಯೇಕವಾಗಿ ನಾಲ್ಕು ಭಾಗ ಮಾಡಿಕೊಂಡವು. ಆದರೆ ಬರ್ಲಿನ್ ಇದ್ದುದು ರಶಿಯದ ವಲಯದ ನಡುವೆ, ಪಶ್ಚಿಮದ ಗಡಿಯಿಂದ ಸುಮಾರು 100 ಮೈಲಿ ಒಳಗೆ. ಹೀಗಾಗಿ ಪಾಶ್ಚಾತ್ಯ ರಾಷ್ಟ್ರಗಳು ತಮ್ಮ ಪಾಲಿನ ಬರ್ಲಿನ್ನಿಗೆ ಹೋಗಬೇಕಾದರೆ ರಶಿಯದ ಸೈನ್ಯವು ಹಿಡಿದಿದ್ದ ನೆಲವನ್ನು ದಾಟಿಯೇ ಹೋಗಬೇಕಾಗಿತ್ತು.

ಇಲ್ಲಿ ನಡೆದ ಒಂದು ಅಲಕ್ಷ್ಯವನ್ನು ಅಧಿಕಾರಿವರ್ಗದ ವಾಚಕರು ವಿಶೇಷವಾಗಿ ಪರಿಭಾವಿಸಬೇಕು. 1945ರ ಜೂನ್ ತಿಂಗಳ ಕೊನೆಯಲ್ಲಿ ಅಮೇರಿಕದ ಸೇನಾನಿ ಕ್ಲೇ ಮತ್ತು ರಶಿಯದ ಮಾರ್ಷಲ್ ಜುಕೋವ್ ಇವರು ಕೂಡಿ ಮಾತನಾಡಿದಾಗ ರಸ್ತೆ ಮತ್ತು ರೈಲುಗಳ ವಿಷಯವು ಬಾಯಿಮಾತಿನ ಭರವಸೆಯಲ್ಲಿಯೇ ಮುಗಿಯಿತು. ಗೆದ್ದ ಸಂತೋಷದಲ್ಲಿ ಯಾರೂ ಅದನ್ನು ಕಾಗದಕ್ಕೆ ಇಳಿಸಲಿಲ್ಲ. ಆಕಾಶದ ವಿಷಯ ಹಾಗಾಗಲಿಲ್ಲ. ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಅಪಾಯವಿದ್ದುದರಿಂದ ಅದಕ್ಕೆ ನಿಯಮ ಬೇಕಾಯಿತು. ನಿಯಮವೆಂದ ಮೇಲೆ ಬರಹ ಬೇಕಾಯಿತು. ಅದೇ ವರ್ಷದ ನವೆಂಬರ್ 30ರಂದು ನಾಲ್ಕು ರಾಷ್ಟ್ರಗಳ ನಿಯಂತ್ರಣ ಮಂಡಲಿಯು ಬರ್ಲಿನ್ನಿಗೆ ಮೂರು ಆಕಾಶದ ಓಣಿಗಳನ್ನು ಮಂಜೂರು ಮಾಡಿತು: ಒಂದು ಹ್ಯಾಂಬುರ್ಗಿನ ಕಡೆಯಿಂದ, ಒಂದು ಹ್ಯಾನೋವರಿನ ಕಡೆಯಿಂದ, ಮೂರನೆಯದು ಫ್ರಾಂಕ್‌ಫರ್ಟಿನ ಕಡೆಯಿಂದ. ಪ್ರತಿಯೊಂದರ ಅಗಲ 20 ಮೈಲಿ. ಈ ಕಾಗದದ ಬೆಲೆಯೆಷ್ಟೆಂಬುದು ಮೂರು ವರ್ಷ ತುಂಬುವುದರೊಳಗೆ ತಿಳಿದುಬಂದಿತು.

1948ರ ಜೂನ್ ತಿಂಗಳಲ್ಲಿ ಪಶ್ಚಿಮ ವಲಯಗಳಲ್ಲಿ ಹೊಸ ನಾಣ್ಯವು ಜಾರಿಗೆ ಬಂದುದೇ ನೆಪವಾಗಿ, 24ನೆಯ ತಾರೀಖಿನಂದು ರಶಿಯವು ಬರ್ಲಿನ್ನಿನ ಪಶ್ಚಿಮಭಾಗಕ್ಕೆ ಹೋಗುವ ರಸ್ತೆ, ರೈಲು, ಜಲಮಾರ್ಗಗಳನ್ನೆಲ್ಲ ಮುಚ್ಚಿತು. ಇಪ್ಪತ್ತು ಲಕ್ಷಕ್ಕೂ ಮೀರಿದ ಜನರು ಅನ್ನ, ಕಲ್ಲಿದ್ದಲು, ಔಷಧಗಳಿಲ್ಲದೆ ಶರಣಾಗುವರೆಂದು ಅದರ ಎಣಿಕೆ. ಬಾಯಿಮಾತಿನ ದಾರಿಗಳೆಲ್ಲ ಒಂದೇ ದಿನದಲ್ಲಿ ಮುಚ್ಚಿದವು. ಬರಹದ ದಾರಿ ಮಾತ್ರ ತೆರೆದಿತ್ತು. ಅದನ್ನು ಮುಚ್ಚಬೇಕಾದರೆ ವಿಮಾನಗಳನ್ನು ಹೊಡೆದು ಕೆಡವಬೇಕು, ಎಂದರೆ ಯುದ್ಧವನ್ನೇ ಆರಂಭಿಸಬೇಕು. ಅದಕ್ಕೆ ಸ್ಟಾಲಿನ್ ಸಿದ್ಧನಿರಲಿಲ್ಲ.

ಎರಡು ದಿನಗಳಲ್ಲಿ ಆಕಾಶಸೇತುವು ಮೊದಲಾಯಿತು. ಅಮೇರಿಕದ ವಿಮಾನಗಳು ಮುಖ್ಯವಾಗಿ ಫ್ರಾಂಕ್‌ಫರ್ಟಿನ ಬಳಿಯ ರೈನ್-ಮೈನ್ ಮತ್ತು ವೀಸ್‌ಬಾಡೆನ್ ನಿಲ್ದಾಣಗಳಿಂದ ಹೊರಟು ದಕ್ಷಿಣದ ಓಣಿಯಲ್ಲಿ ಬಂದು, ಸರಕನ್ನಿಳಿಸಿ, ನಡುವಣ ಓಣಿಯಲ್ಲಿ ಹಿಂದಿರುಗುತ್ತಿದ್ದವು. ಹೋಗಿಬರುವ ವಿಮಾನಗಳು ಎದುರುಬದುರಾಗದಂತೆ ಮಾಡಿದ ಏರ್ಪಾಡಿದು. ಜುಲೈ ಕೊನೆಯಲ್ಲಿ ಈ ಕೆಲಸದ ಮೇಲ್ವಿಚಾರಣೆಗೆ ಬಂದ ಸೇನಾನಿ ಟನ್ನರ್ ಈ ವಿದ್ಯೆಯಲ್ಲಿ ಪಳಗಿದುದು ನಮ್ಮ ಅಸ್ಸಾಮಿನಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಸ್ಸಾಮಿನ ನಿಲ್ದಾಣಗಳಿಂದ ಹಿಮಾಲಯದ ಪೂರ್ವಶ್ರೇಣಿಗಳನ್ನು ದಾಟಿಸಿ ಚೀನಕ್ಕೆ ಸಾಮಗ್ರಿಯನ್ನು ಒಯ್ಯುವ ಭಾರವನ್ನು 1944ರ ಸೆಪ್ಟೆಂಬರಿನಿಂದ ಆತನೇ ವಹಿಸಿದ್ದನು. ಬರ್ಲಿನ್ನಿನ ಕಥೆಯನ್ನು ಬರೆಯುವ ಪಾಶ್ಚಾತ್ಯ ಲೇಖಕರು ಅಸ್ಸಾಮಿನ ಹೆಸರನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುವರು. ನಾವು ಅಷ್ಟು ಅವಸರಪಡಬೇಕಾಗಿಲ್ಲ.

1948ರ ಆಗಸ್ಟ್ 13ರಂದು ಬರ್ಲಿನ್ನಿನ ಮೇಲೆ ಮೋಡವು ಬಹಳ ತಗ್ಗಾಗಿ ಕವಿದು, ಟೆಂಪೆಲ್‌ಹೋಫ್ ನಿಲ್ದಾಣದಲ್ಲಿ ಒಂದರ ಹಿಂದೊಂದರಂತೆ ಅಪಘಾತಗಳಾಗಿ, ಬಂದ ವಿಮಾನಗಳೆಲ್ಲ ಇಳಿಯಲಾರದೆ ಮೇಲೆಯೇ ಸುತ್ತತೊಡಗಿದವು. ಆ ಸುತ್ತುತ್ತಿದ್ದ ವಿಮಾನಗಳಲ್ಲಿ ಒಂದರೊಳಗೆ ಟನ್ನರ್ ತಾನೇ ಇದ್ದನು. ಆತನು ಉಳಿದವುಗಳನ್ನೆಲ್ಲ ಹಿಂದಕ್ಕೆ ಕಳುಹಿಸುವಂತೆ ಅಪ್ಪಣೆ ಮಾಡಿದುದಲ್ಲದೆ, ಇನ್ನು ಮುಂದೆ ಒಂದು ಸಲಕ್ಕೆ ಇಳಿಯಲಾಗದ ವಿಮಾನವು ಮತ್ತೆ ಸುತ್ತು ಹಾಕದೆ ಸರಕಿನ ಸಮೇತ ಹೊರಟ ಊರಿಗೇ ಮರಳಬೇಕೆಂದು ವಿಧಿಸಿದನು. ನೋಡುವುದಕ್ಕೆ ಇದು ನಷ್ಟದ ನಿಯಮ. ಆದರೆ ಒಬ್ಬನ ಎರಡನೆಯ ಪ್ರಯತ್ನಕ್ಕಾಗಿ ಹಿಂದಿನ ಇಪ್ಪತ್ತು ವಿಮಾನಗಳನ್ನು ನಿಲ್ಲಿಸಿಡುವುದಕ್ಕಿಂತ ಇದೇ ಲಾಭವೆಂಬುದು ಕೆಲವೇ ವಾರಗಳಲ್ಲಿ ಸಿದ್ಧವಾಯಿತು. ವಿಮಾನ ವಿಮಾನಗಳ ನಡುವೆ ಮೂರು ನಿಮಿಷದ ಅಂತರ, ಗೊತ್ತಾದ ವೇಗ, ಗೊತ್ತಾದ ಎತ್ತರ. ಕಚೇರಿಗಳಲ್ಲಿ ಕಡತಗಳು ಗುಡ್ಡೆಬೀಳುವ ರೀತಿಯನ್ನು ಬಲ್ಲವರಿಗೆ ಈ ನಿಯಮದ ಸ್ವಾರಸ್ಯವು ಬೇಗನೆ ತಿಳಿದೀತು.

ಸಾಲದೆಂದು ಫ್ರೆಂಚರ ಪಾಲಿನ ಟೆಗೆಲ್ ಬಯಲಿನಲ್ಲಿ ಹೊಸದೊಂದು ನಿಲ್ದಾಣವನ್ನೇ ಕಟ್ಟಿದರು. ಬಾಂಬಿನಿಂದ ಉರುಳಿದ ಮನೆಗಳ ಇಟ್ಟಿಗೆ ಕಲ್ಲುಗಳೇ ರನ್‌ವೇಯ ತಳಪಾಯವಾದವು. ಸಾವಿರಾರು ಮಂದಿ ಬರ್ಲಿನ್ ನಿವಾಸಿಗಳು, ಅವರಲ್ಲಿ ಬಹುಸಂಖ್ಯೆಯ ಸ್ತ್ರೀಯರು, ಹಗಲಿರುಳು ದುಡಿದು ಸುಮಾರು ಮೂರು ತಿಂಗಳಲ್ಲಿ ಕೆಲಸವನ್ನು ಮುಗಿಸಿದರು. ನವೆಂಬರ್ 5ರಂದು ಮೊದಲ ವಿಮಾನವು ಅಲ್ಲಿ ಇಳಿಯಿತು. ಇದೇ ಬರ್ಲಿನ್ನಿನಲ್ಲಿ ನಮ್ಮ ಕಾಲದ ಹೊಸ ವಿಮಾನ ನಿಲ್ದಾಣವು 2011ರಲ್ಲಿ ತೆರೆಯಬೇಕಾಗಿದ್ದುದು ತೆರೆದುದು 2020ರ ಅಕ್ಟೋಬರಿನಲ್ಲಿ. ಜರ್ಮನರ ಕಾರ್ಯದಕ್ಷತೆಯನ್ನು ಗಾದೆಯಂತೆ ಹೇಳಿಕೊಳ್ಳುವವರು ಎರಡು ತಾರೀಖುಗಳನ್ನೂ ನೆನಪಿಟ್ಟುಕೊಳ್ಳುವುದು ಲೇಸು.

1949ರ ಏಪ್ರಿಲ್ 16ರ ಒಂದು ದಿನದಲ್ಲಿಯೇ 1,398 ಸಲ ಹಾರಾಟ ನಡೆದು ಸುಮಾರು 13,000 ಟನ್ ಸಾಮಗ್ರಿ ಬಂದಿಳಿಯಿತು. ಮೇ 12ರಂದು ದಿಗ್ಬಂಧನವು ತೆರವಾಯಿತು. ಒಟ್ಟು ಲೆಕ್ಕದಲ್ಲಿ 2,77,000ಕ್ಕೂ ಹೆಚ್ಚು ಹಾರಾಟಗಳು, 23 ಲಕ್ಷ ಟನ್ ಸಾಮಗ್ರಿ. ಅದರ ಬಹುಭಾಗ ಕಲ್ಲಿದ್ದಲು. ಟೆಂಪೆಲ್‌ಹೋಫಿನ ಸ್ಮಾರಕದ ಮೇಲೆ 39 ಮಂದಿ ಬ್ರಿಟಿಷರ, 31 ಮಂದಿ ಅಮೇರಿಕನ್ನರ ಹೆಸರುಗಳಿವೆ. ಮೂರು ವರ್ಷದ ಹಿಂದೆ ಇದೇ ನಗರದ ಮೇಲೆ ಬಾಂಬು ಸುರಿದ ರಾಷ್ಟ್ರಗಳವರು ಇವರು.

ಆದರೆ ನಮ್ಮ ಅಭಿಪ್ರಾಯದಲ್ಲಿ ಈ ಕಥೆಯ ಅತ್ಯಂತ ವಿಚಾರಾರ್ಹವಾದ ಭಾಗವು ವಿಮಾನಗಳಲ್ಲಿಲ್ಲ, ಒಂದು ಕೊಠಡಿಯಲ್ಲಿದೆ. ಬರ್ಲಿನ್ನಿನ ಷೋನೆಬರ್ಗ್ ಭಾಗದಲ್ಲಿ ಹಿಂದೆ ನ್ಯಾಯಸ್ಥಾನವಾಗಿದ್ದ ದೊಡ್ಡ ಕಟ್ಟಡದೊಳಗೆ ನಾಲ್ಕು ರಾಷ್ಟ್ರಗಳ ವಾಯುಸುರಕ್ಷಾ ಕೇಂದ್ರವಿತ್ತು. ಓಣಿಗಳಲ್ಲಿ ಹೋಗತಕ್ಕ ಪ್ರತಿಯೊಂದು ವಿಮಾನದ ವಿವರವೂ ಒಂದು ಚೀಟಿಯ ಮೇಲೆ ಬರೆದು ಅಲ್ಲಿಯ ರಶಿಯನ್ ಅಧಿಕಾರಿಯ ಮುಂದೆ ಬರುತ್ತಿತ್ತು. 1948ರ ಮಾರ್ಚಿಯಲ್ಲಿ ರಶಿಯದವರು ನಿಯಂತ್ರಣ ಮಂಡಲಿಯಿಂದ ಎದ್ದುಹೋದರು. ಜೂನಿನಲ್ಲಿ ನಗರಾಡಳಿತದ ಮಂಡಲಿಯಿಂದ ಎದ್ದುಹೋದರು. ಈ ಕೊಠಡಿಯಿಂದ ಮಾತ್ರ ಎದ್ದುಹೋಗಲಿಲ್ಲ. ನಗರವನ್ನು ಉಪವಾಸ ಕೆಡವಲು ಹೊರಟ ಸರ್ಕಾರದ ಅಧಿಕಾರಿಯೂ, ಆ ಉಪವಾಸವನ್ನು ತಪ್ಪಿಸಲು ಹೊರಟ ಸರ್ಕಾರಗಳ ಅಧಿಕಾರಿಗಳೂ ಒಂದೇ ಸೂರಿನಡಿ ಕುಳಿತು, ಯಾವ ವಿಮಾನ ಎಷ್ಟು ಹೊತ್ತಿಗೆ ಬರುವುದೆಂಬ ಚೀಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ದಿಗ್ಬಂಧನಕ್ಕೆ ಮುಂಚೆ, ಏಪ್ರಿಲ್ 5ರಂದು, ಗ್ಯಾಟೋ ನಿಲ್ದಾಣದ ಬಳಿ ರಶಿಯದ ಯುದ್ಧವಿಮಾನವೊಂದು ಬ್ರಿಟಿಷ್ ಪ್ರಯಾಣಿಕ ವಿಮಾನಕ್ಕೆ ತಾಗಿ ಎರಡೂ ಉರುಳಿ 15 ಜನರು ಸತ್ತಿದ್ದರು. ಹಾಗಿದ್ದರೂ ಕೊಠಡಿಯ ಬಾಗಿಲು ಮುಚ್ಚಲಿಲ್ಲ. 1990ರ ಕೊನೆಯ ದಿನದವರೆಗೂ ಅದು ನಡೆಯಿತು.

ಇಷ್ಟರಿಂದ ಎಲ್ಲವೂ ನೆಟ್ಟಗಿತ್ತೆಂದು ತಿಳಿಯಬಾರದು. 1952ರ ಏಪ್ರಿಲ್ 29ರಂದು ಫ್ರಾಂಕ್‌ಫರ್ಟಿನಿಂದ ಬರ್ಲಿನ್ನಿಗೆ ಬರುತ್ತಿದ್ದ ಫ್ರೆಂಚ್ ಪ್ರಯಾಣಿಕ ವಿಮಾನದ ಮೇಲೆ ರಶಿಯದ ಮಿಗ್ ವಿಮಾನಗಳು ಗುಂಡು ಹಾರಿಸಿದವು. ಪ್ರಯಾಣಿಕರು ಗಾಯಗೊಂಡರು, ವಿಮಾನವು ಹೇಗೋ ಟೆಂಪೆಲ್‌ಹೋಫನ್ನು ಸೇರಿತು. ಅದು ಓಣಿಯನ್ನು ಬಿಟ್ಟು ಹೊರಗೆ ಸರಿದಿತ್ತೆಂದು ರಶಿಯದವರ ವಾದ. ಎತ್ತರದ ವಿಷಯದಲ್ಲಿಯೂ ಇಂತಹದೇ ಕಟ್ಟು: 10,000 ಅಡಿಗಿಂತ ಮೇಲೆ ಹಾರಬಾರದೆಂದು ರಶಿಯವು ಪಟ್ಟುಹಿಡಿಯಿತು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಹಾರಲೆಂದು ನಿರ್ಮಿತವಾದ ಜೆಟ್ ವಿಮಾನಗಳು ಬಂದ ಮೇಲೆಯೂ ಅವು ಮೂರನೆಯ ಒಂದು ಭಾಗದ ಎತ್ತರದಲ್ಲಿ, ದಟ್ಟವಾದ ಗಾಳಿಯಲ್ಲಿ, ಹೆಚ್ಚು ಇಂಧನವನ್ನು ಸುಡುತ್ತ ಕುಲುಕಾಡಿಕೊಂಡು ಸಾಗಬೇಕಾಗಿತ್ತು. ಮ್ಯೂನಿಕ್ ನಗರದವರ ಪಾಡು ಇನ್ನೂ ವಿಚಿತ್ರ. ಬರ್ಲಿನ್ ಅವರಿಗೆ ನೆಟ್ಟಗೆ ಉತ್ತರದಲ್ಲಿದ್ದರೂ ಅವರ ವಿಮಾನವು ಮೊದಲು ವಾಯವ್ಯಕ್ಕೆ ಹೋಗಿ ಫುಲ್ಡಾದ ಬಳಿ ಓಣಿಯ ಬಾಯನ್ನು ಹೊಕ್ಕು ಆಮೇಲೆ ಈಶಾನ್ಯಕ್ಕೆ ತಿರುಗಬೇಕಾಗಿತ್ತು. ಭೂಪಟದಲ್ಲಿ ದೂರವು ಬೆಳೆದಿರಲಿಲ್ಲ, ಪ್ರಯಾಣದಲ್ಲಿ ಬೆಳೆದಿತ್ತು.

ಈ ಹಾರಾಟಗಳನ್ನೇ ನೆಚ್ಚಿಕೊಂಡವರೂ ಇದ್ದರು. ಪೂರ್ವ ಜರ್ಮನಿಯ ಆಡಳಿತವನ್ನು ಸಹಿಸದೆ ಬರ್ಲಿನ್ನಿನ ಪಶ್ಚಿಮಭಾಗಕ್ಕೆ ಓಡಿಬಂದವರು ಅಲ್ಲಿಂದ ರಸ್ತೆಯಲ್ಲಾಗಲಿ ರೈಲಿನಲ್ಲಾಗಲಿ ಪಶ್ಚಿಮ ಜರ್ಮನಿಗೆ ಹೋಗಲಾರರು. ಹೋದರೆ ತಾವು ಬಿಟ್ಟುಬಂದ ರಾಜ್ಯದ ಕಾವಲುಗಾರರ ಕೈಗೇ ಸಿಕ್ಕುವರು. 1953ರಲ್ಲಿ ತೆರೆದ ಮಾರಿಯೆನ್‌ಫೆಲ್ಡೆ ಶಿಬಿರದಲ್ಲಿ ಹೆಸರು ಬರೆಸಿ, ಒಂದು ಪೆಟ್ಟಿಗೆಯನ್ನು ಹಿಡಿದು ವಿಮಾನವನ್ನೇರುವುದೊಂದೇ ಅವರಿಗೆ ಉಳಿದ ದಾರಿ. ವೇಳಾಪಟ್ಟಿಯ ಒಂದು ಗಂಟೆಯ ಪ್ರಯಾಣವು ಇಂತಹವರಿಗೆ ಒಂದು ರಾಜ್ಯವನ್ನು ಬಿಟ್ಟು ಇನ್ನೊಂದು ರಾಜ್ಯವನ್ನು ಸೇರುವ ಪ್ರಯಾಣ.

ಇನ್ನು ಸ್ವಾಭಿಮಾನದ ಮಾತು. ಪಶ್ಚಿಮ ಜರ್ಮನಿಯು 1955ರಲ್ಲಿ ಬಹುಮಟ್ಟಿಗೆ ಸ್ವಾಧಿಕಾರವನ್ನು ಮರಳಿ ಪಡೆಯಿತು. 1926ರಲ್ಲಿ ಬರ್ಲಿನ್ನಿನಲ್ಲಿಯೇ ಹುಟ್ಟಿದ ಲುಫ್ತ್‌ಹಾನ್ಸದ ಹೆಸರನ್ನು ಹೊತ್ತ ಹೊಸ ಸಂಸ್ಥೆಯು ಆ ವರ್ಷದ ಏಪ್ರಿಲ್ 1ರಂದು ಸಂಚಾರವನ್ನು ಆರಂಭಿಸಿತು. ಮುಂದೆ ಅದು ನ್ಯೂಯಾರ್ಕಿಗೆ ಹಾರಿತು, ನಮ್ಮ ಮುಂಬಯಿಗೂ ದೆಹಲಿಗೂ ಹಾರಿತು. ಆದರೆ ತನ್ನ ನಾಡಿನ ಬರ್ಲಿನ್ನಿಗೆ ಹಾರಲು ಅದಕ್ಕೆ ಅಧಿಕಾರವಿರಲಿಲ್ಲ. ಓಣಿಗಳಲ್ಲಿ ಸಂಚರಿಸುವ ಹಕ್ಕು ಗೆದ್ದ ರಾಷ್ಟ್ರಗಳ ವಿಮಾನಗಳಿಗೆ ಮಾತ್ರ. ಅಮೇರಿಕದ ಪ್ಯಾನ್ ಆಮ್, ಬ್ರಿಟಿಷ್ ಸಂಸ್ಥೆ, ಏರ್ ಫ್ರಾನ್ಸ್ ಇವುಗಳೇ ಜರ್ಮನರನ್ನು ಒಂದು ಜರ್ಮನ್ ನಗರದಿಂದ ಇನ್ನೊಂದು ಜರ್ಮನ್ ನಗರಕ್ಕೆ ಒಯ್ದವು. ಟಿಕೀಟಿನ ಭಾರವನ್ನು ತಗ್ಗಿಸುವುದಕ್ಕಾಗಿ ಬಾನ್ ಸರ್ಕಾರವು ತನ್ನ ಬೊಕ್ಕಸದಿಂದ ಸಹಾಯದ್ರವ್ಯವನ್ನು ಕೊಡುತ್ತಿತ್ತು. ಆಕಾಶಸೇತುವಿನ ಉಪಕಾರವನ್ನು ನಾವು ಕಡಿಮೆಯೆಣಿಸುವುದಿಲ್ಲ. ಆದರೆ ಉಪಕಾರವೂ ಸ್ವಾತಂತ್ರ್ಯವೂ ಒಂದೇ ಅಲ್ಲ. ಪರರ ಕೃಪೆಯಿಂದ ಬದುಕಿದ ನಗರವು ಪರರ ಅಪ್ಪಣೆಯಿಂದಲೇ ಸಂಚರಿಸಬೇಕಾಗಿದ್ದುದನ್ನು, ಎರಡು ಶತಮಾನ ಪರರ ಅಪ್ಪಣೆಯನ್ನು ಕಾದಿದ್ದ ನಾವು ಚೆನ್ನಾಗಿ ತಿಳಿಯಬಲ್ಲೆವು. 1990ರ ಅಕ್ಟೋಬರ್ 3ರಂದು ಜರ್ಮನಿಯು ಒಂದಾಯಿತು. 25 ದಿನಗಳ ತರುವಾಯ, ಅಕ್ಟೋಬರ್ 28ರಂದು, ಲುಫ್ತ್‌ಹಾನ್ಸದ ವಿಮಾನಗಳು ಮತ್ತೆ ಬರ್ಲಿನ್ನಿಗೆ ಬಂದವು.

ಆ ಕಾಲ ಕಳೆಯಿತು, ಇನ್ನೇಕೆ ಆ ಮಾತು ಎನ್ನುವವರು ಯೂರೋಪಿನ ಈಚಿನ ಭೂಪಟವನ್ನು ನೋಡಬೇಕು. 2022ರ ಫೆಬ್ರವರಿಯಲ್ಲಿ ರಶಿಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋದುದರಿಂದ ಐರೋಪ್ಯ ಒಕ್ಕೂಟವು ತನ್ನ ಆಕಾಶವನ್ನು ರಶಿಯದ ವಿಮಾನಗಳಿಗೆ ಮುಚ್ಚಿತು. ರಶಿಯವೂ ಹಾಗೆಯೇ ಮಾಡಿತು. ಮಾಸ್ಕೋದಿಂದ ಕಲಿನಿನ್‌ಗ್ರಾಡಿಗೆ ನೆಟ್ಟಗೆ ಸುಮಾರು 680 ಮೈಲಿ. ಎರಡೂ ರಶಿಯದ ಊರುಗಳೇ. ಆದರೆ ನಡುವೆ ಲಿಥುವೇನಿಯ. ಆದುದರಿಂದ ವಿಮಾನಗಳು ಉತ್ತರಕ್ಕೆ ಹೋಗಿ, ಫಿನ್ಲೆಂಡ್ ಕೊಲ್ಲಿಯ ಮೇಲೆ ಬಾಲ್ಟಿಕ್ ಸಮುದ್ರವನ್ನು ಬಳಸಿ ಇಳಿಯಬೇಕಾಯಿತು. ಹಿಂದೆ ಪರರ ನಗರಕ್ಕೆ ಓಣಿಯನ್ನು ಅಳೆದುಕೊಟ್ಟ ರಾಷ್ಟ್ರವೇ ತನ್ನ ನಗರಕ್ಕೆ ಸುತ್ತುದಾರಿಯನ್ನು ಹಿಡಿಯಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಸುಮಾರು 9 ಗಂಟೆಯಾಗುತ್ತಿದ್ದುದು 13 ಗಂಟೆಯಾಯಿತು.

ನಮ್ಮ ದೇಶಕ್ಕೂ ಈ ವ್ಯಾಧಿಯು ಹೊಸದಲ್ಲ. 1952ರಲ್ಲಿ ದೆಹಲಿಯಿಂದ ಕಾಬೂಲಿಗೆ ಹೋಗತಕ್ಕ ವಿಮಾನಗಳನ್ನು ಪಾಕಿಸ್ತಾನವು ತಡೆದಾಗ ನಾವು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ದೂರಿತ್ತೆವು. ಕೊನೆಗೆ ಓಣಿಗಳನ್ನು ತೆರೆದುಕೊಡುವುದರ ಮೂಲಕವೇ ಆ ವ್ಯಾಜ್ಯವು ತೀರಿತು. 1971ರ ಜನವರಿಯಲ್ಲಿ ನಮ್ಮ ‘ಗಂಗಾ’ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟ ಮೇಲೆ ಪಾಕಿಸ್ತಾನದ ವಿಮಾನಗಳಿಗೆ ನಮ್ಮ ಆಕಾಶವನ್ನು ನಾವು ಮುಚ್ಚಿದೆವು. ಕರಾಚಿಯಿಂದ ಢಾಕಾಕ್ಕೆ ಹೋಗುವವರು ಲಂಕೆಯನ್ನು ಬಳಸಿ ಹೋಗಬೇಕಾಯಿತು. ಈ ಸಲ ದೂರಿತ್ತವರು ಅವರು. ಆ ಸಂಸ್ಥೆಗೆ ವಿಚಾರಣೆಯ ಅಧಿಕಾರವಿಲ್ಲವೆಂಬ ನಮ್ಮ ವಾದವನ್ನು ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯವು 1972ರ ಆಗಸ್ಟಿನಲ್ಲಿ ತಳ್ಳಿಹಾಕಿತು. 2019ರಲ್ಲಿ ಬಾಲಾಕೋಟಿನ ತರುವಾಯ ನಾಲ್ಕು ತಿಂಗಳಿಗೂ ಮೀರಿ ಪಾಕಿಸ್ತಾನದ ಆಕಾಶವು ಮುಚ್ಚಿತ್ತು. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನ ಹತ್ಯಾಕಾಂಡವಾದ ಬಳಿಕ ಅವರೂ ಮುಚ್ಚಿದರು, ನಾವೂ ಮುಚ್ಚಿದೆವು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಮೇಲೆ ಬಳಸಿಹೋದವು. ಅಮೇರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು.

ಆಕಾಶವನ್ನು ಮುಚ್ಚುವ ಅಧಿಕಾರವನ್ನು ರಾಷ್ಟ್ರವು ಬಿಟ್ಟುಕೊಡಬೇಕೆಂದು ನಾವು ಹೇಳುವುದಿಲ್ಲ. ಆ ಅಧಿಕಾರವಿಲ್ಲದ ರಾಷ್ಟ್ರದ ಗತಿಯೇನೆಂಬುದನ್ನು ಮೇಲೆಯೇ ಹೇಳಿದ್ದೇವೆ. ಆದರೆ ಪ್ರತಿಯೊಂದು ಕಲಹದಲ್ಲಿಯೂ ಎರಡು ಸರ್ಕಾರಗಳು ಒಂದೊಂದು ಪ್ರಕಟಣೆಯನ್ನು ಹೊರಡಿಸಿ, ಅವಧಿಯನ್ನು ತಿಂಗಳು ತಿಂಗಳಿಗೆ ಮುಂದುವರಿಸುತ್ತ ಹೋಗುವುದೊಂದೇ ರಾಜನೀತಿಯೆಂದು ನಾವು ಒಪ್ಪಲಾರೆವು. ದೇಶದ ಶತ್ರುವಿಗೆ ಇದರಿಂದ ಆಗುವ ಹಾನಿಯೂ ನಮ್ಮ ಸಂಸ್ಥೆಗಳಿಗೂ ಪ್ರಯಾಣಿಕರಿಗೂ ಆಗುವ ವೆಚ್ಚವೂ ಎಷ್ಟೆಷ್ಟೆಂಬುದನ್ನು ಲೆಕ್ಕಮಾಡಿ ಪಾರ್ಲಿಮೆಂಟಿನ ಮುಂದಿಡಬೇಕು. ಭಯೋತ್ಪಾದಕರಿಗೆ ಆಶ್ರಯವಿತ್ತವರೊಡನೆ ಸ್ನೇಹವನ್ನು ಬೆಳೆಸೆಂದು ನಾವು ಕೇಳುತ್ತಿಲ್ಲ. ಷೋನೆಬರ್ಗಿನ ಕೊಠಡಿಯಲ್ಲಿಯೂ ಸ್ನೇಹವಿರಲಿಲ್ಲ. ಅಲ್ಲಿದ್ದುದು ಅಗಲವನ್ನು ಮೈಲಿಯಲ್ಲಿ ಬರೆದ ಒಂದು ಕಾಗದ, ನಾಲ್ಕು ಮೇಜುಗಳು, ಮತ್ತು ಹಗಲಿರುಳು ಆ ಮೇಜುಗಳನ್ನು ಬಿಟ್ಟೇಳದ ಅಧಿಕಾರಿಗಳು. ನಾಗರಿಕ ವಿಮಾನಗಳಿಗೆ ಮಾತ್ರ ಮೀಸಲಾದ, ಸೈನ್ಯದ ನೆಲೆಗಳಿಂದ ದೂರವಾದ ಒಂದೆರಡು ಓಣಿಗಳನ್ನು ಶಾಂತಿಯ ಕಾಲದಲ್ಲಿಯೇ ಗೊತ್ತುಮಾಡಿ, ಕಲಹದ ಕಾಲದಲ್ಲಿಯೂ ಅವು ತೆರೆದಿರತಕ್ಕದ್ದೆಂಬ ಕರಾರನ್ನು ಬರಹದಲ್ಲಿ ಮಾಡಿಕೊಳ್ಳುವುದು ಅಸಾಧ್ಯವಲ್ಲ. 1952ರ ವ್ಯಾಜ್ಯದ ಕಡತವು ದೆಹಲಿಯ ಕಚೇರಿಗಳಲ್ಲಿ ಇನ್ನೂ ಉಳಿದಿದ್ದರೆ ಸಂಬಂಧಪಟ್ಟ ಅಧಿಕಾರಿಗಳು ಮೊದಲು ಅದನ್ನು ಹೊರತೆಗೆಯಲಿ.